ಕೋಚ್ ಸರ್ ಬಿಟ್ಟುಹೋದ ಜಾಗ ತುಂಬಲಿ

ಮಾನ್ಯ ಸಂಪಾದಕರೇ,

ಧಾರವಾಡದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದು, ನಿವೃತ್ತಿಯ ನಂತರವೂ ಕೊನೆಯವರೆಗೆ ಫುಟ್‌ಬಾಲ್ ತರಬೇತಿ ನೀಡುತ್ತಿದ್ದ ನಮ್ಮ ಗುರುಗಳು ಇತ್ತೀಚೆಗೆ ತೀರಿಕೊಂಡ ಸುದ್ದಿಯನ್ನೂ ಶ್ರದ್ಧಾಂಜಲಿ ಸಭೆಯ ವರದಿಯನ್ನೂ ತಮ್ಮ ಪತ್ರಿಕೆ ಪ್ರಕಟಿಸಿದ್ದಕ್ಕಾಗಿ ಅವರ ಶಿಷ್ಯರ ಪರವಾಗಿ ಕೃತಜ್ಞತೆ ಸಲ್ಲಿಸುತ್ತೇನೆ. ವರದಿಯಲ್ಲಿ ಬಂದಿರುವ ಅವರ ಹೆಸರನ್ನು ನಾನಿಲ್ಲಿ ಮತ್ತೆ ಬರೆಯುತ್ತಿಲ್ಲ. ನಮ್ಮಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಹುಬ್ಬಳ್ಳಿಯಿಂದ ಗದಗಿನವರೆಗೆ ಫುಟ್‌ಬಾಲ್ ಬಲ್ಲವರಿಗೆ ‘ಕೋಚ್ ಸರ್’ ಎಂದರೆ ಸಾಕು.

ಸಭೆಯಲ್ಲಿ ಮಾತನಾಡಿದ ಗಣ್ಯರು ಅವರ ಕಾಲದಲ್ಲಿ ಕಾಲೇಜಿಗೆ ಬಂದ ಟ್ರೋಫಿಗಳನ್ನೂ, ಅವರ ಕೈಯಲ್ಲಿ ಪಳಗಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ‘ಯುನಿವರ್ಸಿಟಿ ಬ್ಲೂ’ ಎನಿಸಿಕೊಂಡವರನ್ನೂ ನೆನೆದರು. ಅದು ಸರಿಯೇ. ಆದರೆ ಸಭಾಂಗಣದ ಹಿಂದಿನ ಸಾಲುಗಳಲ್ಲಿ ನಿಂತಿದ್ದ ಬಸ್ ನಿರ್ವಾಹಕರು, ರೈಲ್ವೆ ವರ್ಕ್‌ಶಾಪಿನ ನೌಕರರು, ವಕೀಲರು, ಹೊಲದ ಕೆಲಸ ಬಿಟ್ಟು ಬಂದಿದ್ದ ರೈತರು ಇವರಲ್ಲಿ ಬಹುತೇಕರು ಯಾವ ಟ್ರೋಫಿಯನ್ನೂ ಗೆದ್ದವರಲ್ಲ, ಕೆಲವರು ಹನ್ನೊಂದರ ತಂಡದಲ್ಲಿ ಒಮ್ಮೆಯೂ ಆಡಿದವರಲ್ಲ. ಅವರು ಏಕೆ ಬಂದಿದ್ದರು ಎಂಬುದನ್ನು ಬರೆಯದಿದ್ದರೆ ಕೋಚ್ ಸರ್ ಅವರ ಕೆಲಸದ ಅರ್ಧಭಾಗ ಯಾರಿಗೂ ತಿಳಿಯದೇ ಹೋಗುತ್ತದೆ.

ನವಲಗುಂದ, ಕಲಘಟಗಿ, ರೋಣ, ಶಿರಹಟ್ಟಿ ಕಡೆಯ ಹಳ್ಳಿಗಳಿಂದ ಹಾಸ್ಟೆಲ್ ಸೇರುತ್ತಿದ್ದ ನಮ್ಮಂಥವರಿಗೆ ಕಬಡ್ಡಿ, ಖೋ-ಖೋ, ಹೆಚ್ಚೆಂದರೆ ವಾಲಿಬಾಲ್ ಗೊತ್ತಿತ್ತು. ಫುಟ್‌ಬಾಲ್ ಪೇಟೆಯ ಹುಡುಗರ ಆಟವೆಂದು ನಾವು ದೂರ ನಿಲ್ಲುತ್ತಿದ್ದೆವು. ಸರ್ ಆ ದೂರವನ್ನು ಒಪ್ಪಲಿಲ್ಲ. ಕಬಡ್ಡಿ ಆಡಿದವನಿಗೆ ಎದುರಾಳಿಯ ದಿಕ್ಕು ತಪ್ಪಿಸುವುದು ಮೈಗೂಡಿರುತ್ತದೆ ಎಂದು ಅವನನ್ನು ಮೈದಾನದ ಅಂಚಿನಲ್ಲಿ ವಿಂಗ್ ಆಡಲು ಬಿಡುತ್ತಿದ್ದರು. ವಾಲಿಬಾಲ್ ಬಲೆಯ ಮೇಲೆ ಜಿಗಿದು ಬ್ಲಾಕ್ ಮಾಡಬಲ್ಲ ಎತ್ತರದ ಹುಡುಗನ ಕೈಗೆ ಗೋಲ್‌ಕೀಪರ್ ಗ್ಲೌಸ್ ಕೊಡುತ್ತಿದ್ದರು. ಬೂಟು ಕೊಳ್ಳಲಾಗದವನಿಗೆ ಹಿರಿಯ ವಿದ್ಯಾರ್ಥಿಗಳ ಹಳೆಯ ಬೂಟು ಹೊಲಿಸಿ ಇಟ್ಟಿರುತ್ತಿದ್ದರು, ಮತ್ತು ಅದನ್ನು ಯಾರ ಎದುರಿಗೂ ಕೊಡುತ್ತಿರಲಿಲ್ಲ. ಚೆಂಡಿನ ಹಿಂದೆ ಎಲ್ಲರೂ ಗುಂಪಾಗಿ ಓಡಿದಾಗ ಅವರು ಕೂಗುತ್ತಿದ್ದುದು ಒಂದೇ ಮಾತು: “ಚೆಂಡಿನ ಬೆನ್ನ ಹತ್ತಬ್ಯಾಡ್ರೋ, ಖಾಲಿ ಜಾಗಾ ನೋಡ್ರಿ, ಚೆಂಡ ತಾನಽ ಬರ್ತೈತಿ.”

ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರನ್ನು ಸರ್ ತಮ್ಮ ಮಾನಸ ಗುರುವೆಂದು ಭಾವಿಸಿದ್ದರು. ಶಾಲಾ ಶಿಕ್ಷಕರಾಗಿದ್ದ ರಹೀಮ್ ಅವರ ಮಾರ್ಗದರ್ಶನದಲ್ಲಿ ಭಾರತ ತಂಡ 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತಾದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಜಕಾರ್ತಾದ ಗೆಲುವಿನ ವೇಳೆಗಾಗಲೇ ಕ್ಯಾನ್ಸರ್‌ನಿಂದ ನರಳುತ್ತಿದ್ದ ಅವರು ಮರುವರ್ಷ, 1963ರ ಜೂನ್‌ನಲ್ಲಿ, ತೀರಿಕೊಂಡರು. ಆ ಬಳಿಕ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ. ಆಟಗಾರರಿಗೆ ಎರಡೂ ಕಾಲು ಪಳಗಬೇಕೆಂದು, ಬಲವಿಲ್ಲದ ಕಾಲಿನಿಂದಲೇ ಆಡಬೇಕಾದ ಪಂದ್ಯಗಳನ್ನು ರಹೀಮ್ ಏರ್ಪಡಿಸುತ್ತಿದ್ದರು. ಅದೇ ಕ್ರಮದಂತೆ ನಮ್ಮಲ್ಲೂ ವಾರಕ್ಕೊಂದು ಸಂಜೆ ಬಲಗಾಲಿನವರು ಎಡಗಾಲಿನಿಂದ ಮಾತ್ರ ಚೆಂಡು ಮುಟ್ಟಬೇಕಿತ್ತು. ಒಬ್ಬ ಮಾಸ್ತರ ದೇಶದ ಆಟವನ್ನೇ ಕಟ್ಟಬಲ್ಲ ಎಂದು ಸರ್ ನಂಬಿದ್ದರು. ತಮ್ಮ ಕಾಲೇಜಿನ ಅಷ್ಟಗಲ ಮೈದಾನವನ್ನು ಅವರು ಆ ನಂಬಿಕೆಯ ಮೇಲೆಯೇ ನಡೆಸಿದರು.

ಶಿಸ್ತಿನ ವಿಷಯದಲ್ಲಿ ಅವರು ಕಠಿಣರು. ರೆಫರಿಯೊಂದಿಗೆ ವಾದಕ್ಕಿಳಿದವನು, ಎಷ್ಟೇ ಒಳ್ಳೆಯ ಆಟಗಾರನಿರಲಿ, ಮುಂದಿನ ಪಂದ್ಯದಲ್ಲಿ ಹೊರಗೆ ಕೂಡಬೇಕಿತ್ತು. ಆಷಾಢದ ಜಿಟಿಜಿಟಿ ಮಳೆಯಲ್ಲಿಯೂ ಅಭ್ಯಾಸ ತಪ್ಪುತ್ತಿರಲಿಲ್ಲ. ನೀರು ನಿಂತ ನೆಲದಲ್ಲಿ ಉರುಳಿಸಿದ ಚೆಂಡು ಅರ್ಧಕ್ಕೇ ನಿಲ್ಲುತ್ತದೆ, ಆದ್ದರಿಂದ ಪಾಸನ್ನು ಎತ್ತಿ ಕೊಡಬೇಕು ಎಂಬ ಪಾಠ ನಮಗೆ ಆಗಿದ್ದು ಅಂಥ ಸಂಜೆಗಳಲ್ಲಿ. ಬಿತ್ತಿಗೆಯ ಕಾಲಕ್ಕೆ ಊರಿಗೆ ಹೋದ ಹುಡುಗ ಮರಳಿ ಬಾರದಿದ್ದರೆ ಸರ್ ಬಸ್ಸು ಹಿಡಿದು ಅವನ ಮನೆಗೇ ಹೋಗಿ, ಕಟ್ಟೆಯ ಮೇಲೆ ಕುಳಿತು ತಂದೆಯೊಂದಿಗೆ ಮಾತನಾಡಿ, ಆಟದ ಮಾತು ಎತ್ತದೆ ಪರೀಕ್ಷೆಯ ಮಾತನ್ನಷ್ಟೇ ಆಡಿ ಅವನನ್ನು ಕರೆತರುತ್ತಿದ್ದರು. ಹೀಗೆ ಪದವಿ ಮುಗಿಸಿದವರು ಆ ಸಭೆಯಲ್ಲಿ ಹಲವರಿದ್ದರು. ಅವರು ಯಾರೂ ವೇದಿಕೆ ಏರಲಿಲ್ಲ ಎಂಬುದು ನನ್ನ ಮನಸ್ಸಿಗೆ ಇಂದಿಗೂ ಕೊರೆಯುತ್ತಿದೆ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ ತಂಡ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಾಗ ಕೋಚ್ ಸರ್ ಅವರಿಗಾದ ಸಂತೋಷ ಹೇಳತೀರದು. ಹಿಂದಿನ ಮೈಸೂರು ತಂಡ 1968-69ರಲ್ಲಿ ಗೆದ್ದಿದ್ದನ್ನು ಬಲ್ಲವರು ಅವರು. ಎಲ್ಲರಿಗೂ ಪೇಢೆ ಹಂಚಿ, ನಂತರ ನಿಧಾನವಾಗಿ, “ಮುಂದಿನ ಸಲ ಗೆಲ್ಲೂ ತಂಡದಾಗ ನಮ್ಮ ಕಡೆ ಹುಡುಗೂರೂ ಇರಬೇಕ್ರಿ” ಎಂದರು.

ಈ ಪತ್ರ ಬರೆಯಲು ಮುಖ್ಯ ಕಾರಣ ಬೇರೆಯೇ ಇದೆ. ಸರ್ ನಿವೃತ್ತರಾದ ಮೇಲೆ ಅವರ ಹುದ್ದೆಗೆ ಪೂರ್ಣಾವಧಿಯ ನೇಮಕವಾಗಲಿಲ್ಲ. ಆದರೂ ತರಬೇತಿ ನಿಲ್ಲಲಿಲ್ಲ, ಏಕೆಂದರೆ ಸಂಬಳವಿಲ್ಲದೆ, ಟಿ.ಎ., ಡಿ.ಎ. ಕೇಳದೆ ಅವರು ಪ್ರತಿ ಸಂಜೆ ಬರುತ್ತಲೇ ಇದ್ದರು. ಅವರ ಪ್ರೀತಿ ಆ ಖಾಲಿ ಹುದ್ದೆಯನ್ನು ಎಲ್ಲರ ಕಣ್ಣಿನಿಂದ ಮರೆಮಾಡಿತ್ತು. ಇಂದು ಅವರಿಲ್ಲದಿರುವಾಗ ಅಲ್ಲಿ ಯಾರೂ ಇಲ್ಲವೆಂಬುದು ಎದ್ದು ಕಾಣುತ್ತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯು ಅಧ್ಯಾಪಕರಿಗೂ ಗ್ರಂಥಪಾಲಕರಿಗೂ ನಿಗದಿಪಡಿಸಿದಂತೆಯೇ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೂ ಅರ್ಹತೆಗಳನ್ನು ನಿಗದಿಪಡಿಸಿದೆ. ಅಂದರೆ ಇದು ಬಿಡುವಿದ್ದವರಿಗೆ ವಹಿಸಿಕೊಡುವ ಹೆಚ್ಚುವರಿ ಕೆಲಸವಲ್ಲ. ಅನುದಾನಿತ ಕಾಲೇಜುಗಳಲ್ಲಿ ತೆರವಾದ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕೆಂಬುದನ್ನು ನಾನು ಬಲ್ಲೆ; ಆಡಳಿತ ಮಂಡಳಿಯವರು ಆ ಅನುಮತಿಗಾಗಿ ಬೆನ್ನುಬಿದ್ದು ಕೇಳಲಿ, ಹಳೆಯ ವಿದ್ಯಾರ್ಥಿಗಳಾದ ನಾವು ಅವರೊಂದಿಗೆ ಬರಲು ಸಿದ್ಧರಿದ್ದೇವೆ.

ಸಭೆಯಲ್ಲಿ ವೃತ್ತವೊಂದಕ್ಕೆ ಅವರ ಹೆಸರಿಡುವ ಸಲಹೆ ಬಂತು. ಸಲಹೆ ಕೊಟ್ಟವರ ಅಭಿಮಾನದ ಬಗ್ಗೆ ನನಗೆ ಗೌರವವಿದೆ, ಆದರೆ ಅದು ಮೊದಲು ಆಗಬೇಕಾದ ಕೆಲಸವೆಂದು ನನಗೆ ಅನ್ನಿಸುವುದಿಲ್ಲ. ತಿಂಗಳುಗಟ್ಟಲೆ ಮಾರಾಟ ಮೇಳಗಳಿಗೂ ವಾಹನ ನಿಲುಗಡೆಗೂ ಮೈದಾನವನ್ನು ಬಿಟ್ಟುಕೊಟ್ಟು, ಗುಂಡಿ ಬಿದ್ದ ನೆಲದಲ್ಲಿ ಹುಡುಗರ ಪಾದ ಉಳುಕುವಂತೆ ಮಾಡಿ, ಹೊರಗಿನ ರಸ್ತೆಯಲ್ಲಿ ಅವರ ಹೆಸರಿನ ಫಲಕ ನೆಟ್ಟರೆ ಅವರ ಶಿಷ್ಯರಿಗೆ ಸಮಾಧಾನವಾಗದು. ಮೈದಾನ ಸಂಜೆ ಆಟಕ್ಕೇ ಮೀಸಲಾಗಿರಲಿ. ಹೆಣ್ಣುಮಕ್ಕಳ ತಂಡ ಕಟ್ಟಬೇಕೆಂದು ಸರ್ ಕೊನೆಯ ವರ್ಷಗಳಲ್ಲಿ ಆರಂಭಿಸಿದ್ದ ಅಭ್ಯಾಸವೂ ಮುಂದುವರಿಯಲಿ.

ಹೊಸ ನೇಮಕವಾಗುವವರೆಗೆ ಈಗಿನ ವಿದ್ಯಾರ್ಥಿಗಳ ತರಬೇತಿ ನಿಲ್ಲಬಾರದೆಂದು ಧಾರವಾಡ ಮತ್ತು ಹುಬ್ಬಳ್ಳಿಯಲ್ಲಿರುವ ಅವರ ಶಿಷ್ಯರು ಕೆಲವರು ಸರದಿಯಂತೆ ಸಂಜೆ ಮೈದಾನಕ್ಕೆ ಬರಲು ಒಪ್ಪಿದ್ದೇವೆ. ಅದಕ್ಕೆ ಕಾಲೇಜಿನ ಲಿಖಿತ ಅನುಮತಿ ಮತ್ತು ಕ್ರೀಡಾ ಕೊಠಡಿಯ ಕೀಲಿಕೈ ಬೇಕು. ಸಂಬಂಧಪಟ್ಟವರು ಅಂತರ ಕಾಲೇಜು ಟೂರ್ನಿಗಿಂತ ಮೊದಲೇ ಇವೆರಡನ್ನೂ ಒದಗಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಹಳೆಯ ವಿದ್ಯಾರ್ಥಿ,
ಸಪ್ತಾಪುರ, ಧಾರವಾಡ