ಬಿಸಿಲೆಂದು ಟಯರಿನ ಹವಾ ಇಳಿಸಬೇಡಿ

ಮಾನ್ಯ ಸಂಪಾದಕರೇ,

ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ. ನಮ್ಮ ಮನೆಯವರು ಒಂಬತ್ತು ವರ್ಷದಿಂದ ಸ್ವಂತ ಪಿಕಪ್ ಓಡಿಸುತ್ತಾರೆ. ಸುಗ್ಗಿಯಲ್ಲಿ ಭತ್ತ, ಉಳಿದ ದಿನ ಗೊಬ್ಬರ, ಸಿಮೆಂಟು, ಅಕ್ಕಿ ಚೀಲ, ಯಾವ ಬಾಡಿಗೆ ಬಂದರೆ ಅದು. ಬಿಸಿಲು ಏರತೊಡಗಿದರೆ ಸಾಕು, ನಮ್ಮ ಕಡೆಯ ಡ್ರೈವರುಗಳು ಒಬ್ಬರಿಗೊಬ್ಬರು ಹೇಳುವ ಮಾತೊಂದಿದೆ: "ಬ್ಯಾಸಗ್ಯಾಗ ಟಯರ್ ಒಡೀತಾವ, ಹವಾ ಸ್ವಲ್ಪ ಕಮ್ಮೀನ ಇರ್ಲಿ." ಈ ಮಾತು ತಪ್ಪು. ಇದನ್ನು ನಂಬಿ ನಾವು ಕೆಟ್ಟಿದ್ದೇವೆ.

ಎರಡು ವರ್ಷದ ಹಿಂದೆ, ಏಪ್ರಿಲ್‌ನ ಒಂದು ಮಧ್ಯಾಹ್ನ, ಲೋಡು ಹೇರಿಕೊಂಡು ಸಿಂಧನೂರಿನಿಂದ ಬರುವಾಗ ಹಿಂದಿನ ಎಡಗಾಲಿ ಒಡೆಯಿತು. ಗಾಡಿ ರಸ್ತೆ ಬಿಟ್ಟಿಳಿದು ಗದ್ದೆಯ ಬದುವಿಗೆ ಬಂದು ನಿಂತಿತು. ಚೀಲ ಹರಿದು ಭತ್ತ ಚೆಲ್ಲಿತು. ದೇವರ ದಯೆ, ಜೀವಕ್ಕೇನೂ ಆಗಲಿಲ್ಲ. ಟಯರ್ ಬಿಚ್ಚಿದ ಪಂಕ್ಚರ್ ಅಂಗಡಿಯ ಹಿರಿಯರು "ಒಳಗ ಕೈ ಹಾಕಿ ನೋಡವಾ ತಂಗಿ" ಎಂದರು. ಕೈ ತುಂಬ ಕಾಡಿಗೆಯಂಥ ಕರಿ ಪುಡಿ. ಟಯರಿನ ಮಗ್ಗುಲು ಒಳಗಿಂದೊಳಗೇ ಅರೆದು ಉದುರಿತ್ತು. ಹೊರಗಿನ ಗ್ರಿಪ್ ಮಾತ್ರ ಇನ್ನೂ ಹೊಸದರಂತೆಯೇ ಇತ್ತು.

ಆಗಿದ್ದಿಷ್ಟು. ಓಡಿದ ಟಯರ್ ಕಾಯುತ್ತದೆ, ಕಾದರೆ ಒಳಗಿನ ಹವಾದ ಒತ್ತಡ ಏರುತ್ತದೆ. ಮನೆಯವರು ಬಂಕಿನಲ್ಲಿ ಮಧ್ಯಾಹ್ನ ನೋಡಿ, ಹೆಚ್ಚಾಗಿದೆಯೆಂದು ಐದಾರು ಪೌಂಡ್ (ಹವಾದ ಒತ್ತಡದ ಅಳತೆ) ಇಳಿಸುತ್ತಿದ್ದರು. ರಾತ್ರಿ ಟಯರ್ ತಣಿದ ಮೇಲೆ ಇರಬೇಕಾದ್ದಕ್ಕಿಂತ ಅಷ್ಟೇ ಕಡಿಮೆ. ಅದರ ಮೇಲೆ ಮತ್ತೆ ಲೋಡು. ಹವಾ ಕಡಿಮೆಯಿದ್ದ ಟಯರ್ ಸುತ್ತು ಸುತ್ತಿಗೂ ಮಗ್ಗುಲಲ್ಲಿ ಮಡಚುತ್ತದೆ, ಮಡಚಿದಷ್ಟೂ ಇನ್ನಷ್ಟು ಕಾಯುತ್ತದೆ. ಒಡೆಯದಿರಲಿ ಎಂದು ಮಾಡಿದ್ದೇ ಒಡೆಯಲು ಕಾರಣವಾಯಿತು.

ಅಂದಿನಿಂದ ನಮ್ಮ ಗಾಡಿಯ ಹವಾ ನೋಡುವವಳು ನಾನೇ. ಹವಾ ಅಳೆಯುವ 350 ರೂಪಾಯಿಯ ಒಂದು ಗೇಜ್ ತಂದಿಟ್ಟುಕೊಂಡಿದ್ದೇನೆ. ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆಯುವ ಮುಂಚೆ, ಗಾಡಿ ಇನ್ನೂ ಚಾಲೂ ಆಗದಿರುವಾಗ, ನಾಲ್ಕೂ ಗಾಲಿಗೆ ಹಿಡಿಯುತ್ತೇನೆ. ನೆಟ್ಟಗೆ ಒತ್ತಬೇಕು, ಸುಯ್ ಎಂಬ ಸದ್ದು ನಿಂತರೆ ಮಾತ್ರ ಮುಳ್ಳು ನಿಜ ಹೇಳುತ್ತದೆ. ಕ್ಯಾಪ್ ಹಾಕುವ ಮೊದಲು ವಾಲ್ವಿನ ಬಾಯಿಗೆ ಸೋಪಿನ ನೀರು ಒಂದು ಹನಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದೇ ಅರ್ಥ. ಎಷ್ಟಿರಬೇಕೆಂಬುದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ: ಮುಂದಿನದಕ್ಕೆ ಬೇರೆ, ಲೋಡು ಹೊರುವ ಹಿಂದಿನದಕ್ಕೆ ಬೇರೆ. ಟಯರಿನ ಮೇಲೆಯೇ ಅಚ್ಚಾಗಿರುವುದು ಅದು ತಾಳುವ ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬಾರದು.

ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಗಾಲಿಯ ಎರಡು ಲೆಕ್ಕವಿದೆ. ಬೆಳಿಗ್ಗೆ ಐದೂವರೆಗೆ 55, ಮಧ್ಯಾಹ್ನ ಬಾಡಿಗೆ ಮುಗಿಸಿ ಬಂದಾಗ 61. ಏನೂ ಮಾಡದೆ ಬಿಟ್ಟೆ. ಮರುದಿನ ಬೆಳಿಗ್ಗೆ ಮತ್ತೆ 55.

ಕಡಿಮೆ ಬಂದರೆ ಎಷ್ಟು ಕಡಿಮೆ ಎಂದು ಬರೆದುಕೊಡುತ್ತೇನೆ. ಬೆಳಿಗ್ಗೆ ಐದು ಕಡಿಮೆ ಇದ್ದರೆ, ಅಂಗಡಿ ಮುಟ್ಟುವಷ್ಟರಲ್ಲಿ ಕಾದ ಟಯರ್ ಎಷ್ಟೇ ತೋರಿಸಲಿ, ಅದರ ಮೇಲೆ ಐದು ಹಾಕಿಸಿ ಬರುತ್ತಾರೆ. ಅಂಗಡಿ ಹತ್ತಿರವೇ ಇರಬೇಕು, ಗಾಡಿ ಖಾಲಿ ಇರಬೇಕು. ಸ್ಟೆಪ್ನಿಯನ್ನು ತಿಂಗಳಿಗೊಮ್ಮೆಯಾದರೂ ನೋಡುತ್ತೇನೆ. ಟಯರ್ ಒಡೆದ ದಿನ ಅದರಲ್ಲೂ ಹವಾ ಇರಲಿಲ್ಲ, ಅದಕ್ಕೇ ಮನೆಯವರು ಸಂಜೆವರೆಗೆ ಬಿಸಿಲಲ್ಲಿ ಕುಳಿತದ್ದು.

ಬಂಕ್ ಮಾಲೀಕರಲ್ಲಿ, ಅಧಿಕಾರಿಗಳಲ್ಲಿ ಒಂದು ಬಿನ್ನಹ. ಬಂಕಿನಲ್ಲಿ ಹವಾ ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ನಾವು ಹೋಗುವ ಬಂಕೊಂದರಲ್ಲಿ ಹವಾ ಮಷಿನ್ನಿಗೆ ಗೋಣಿಚೀಲ ಹೊದಿಸಿ ತಿಂಗಳುಗಳಾದವು. ಇನ್ನೊಂದರ ಗೇಜಿಗೂ ನನ್ನ ಗೇಜಿಗೂ ಎಂಟು ಪೌಂಡ್ ವ್ಯತ್ಯಾಸ. ಪಂಕ್ಚರ್ ಅಂಗಡಿಯವರ ಗೇಜ್ ನನ್ನದಕ್ಕೇ ಹೊಂದಿತು. ಡೀಸೆಲ್ ಅಳತೆ ಪರೀಕ್ಷಿಸಲು ಬರುವ ಅಧಿಕಾರಿಗಳು ಆ ಗೇಜನ್ನೂ ಒಮ್ಮೆ ನೋಡಲಿ. ಭತ್ತದ ಕಟಾವು ಶುರುವಾದರೆ ಗಂಗಾವತಿ, ಸಿಂಧನೂರು ರಸ್ತೆಯಲ್ಲಿ ಹಗಲೂ ರಾತ್ರಿ ಪಿಕಪ್‌ಗಳೇ. ಅಷ್ಟರೊಳಗೆ ಆ ಮಷಿನ್ ರಿಪೇರಿ ಆಗಬೇಕು.

– ಪಿಕಪ್ ಚಾಲಕರೊಬ್ಬರ ಪತ್ನಿ, ಕಾರಟಗಿ