ಖಾಲಿದ್ ಜಮೀಲ್ ಬಗ್ಗೆ ಅರ್ಧ ಪುಟ ಬರೆಯಿರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಕ್ರೀಡಾ ಪುಟವನ್ನು ನಾನು ದಿನಾ ಓದುತ್ತೇನೆ. ಇಂಗ್ಲೆಂಡ್, ಸ್ಪೇನ್ ಕ್ಲಬ್‌ಗಳ ಕೋಚ್‌ಗಳ ಸುದ್ದಿ ದೊಡ್ಡ ಫೋಟೊ ಸಮೇತ ಬರುತ್ತದೆ. ಬರಲಿ, ನನಗೂ ಇಷ್ಟ. ಆದರೆ ನಮ್ಮವರೇ ಆದ ಫುಟ್‌ಬಾಲ್ ಕೋಚ್ ಖಾಲಿದ್ ಜಮೀಲ್ ಬಗ್ಗೆ ಗೆದ್ದರೆ ನಾಲ್ಕು ಸಾಲು, ಸೋತರೆ ಎಂಟು ಸಾಲು. ಇದು ಸರಿಯಲ್ಲ.

2025ರ ಅಕ್ಟೋಬರ್ 14ಕ್ಕೆ ಗೋವಾದಲ್ಲಿ ಸಿಂಗಪುರದ ಎದುರು ಭಾರತ 1-2ರಿಂದ ಸೋತು ಏಷ್ಯನ್ ಕಪ್ ಆಸೆ ಕಳೆದುಕೊಂಡಿತು, ನಿಜ. ನನಗೂ ಹೊಟ್ಟೆ ಉರಿಯಿತು. ಆದರೆ ಜಮೀಲ್ ಆಗಸ್ಟ್‌ನಲ್ಲಷ್ಟೇ ಭಾರತ ತಂಡದ ಕೋಚ್ ಕುರ್ಚಿಗೆ ಬಂದಿದ್ದರು. ಹದಿಮೂರು ವರ್ಷದಲ್ಲಿ ಭಾರತ ತಂಡಕ್ಕೆ ಭಾರತೀಯ ಕೋಚ್ ಬಂದದ್ದು ಅದೇ ಮೊದಲು. ಬಂದ ಮುಂದಿನ ತಿಂಗಳೇ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮಧ್ಯ ಏಷ್ಯಾ ಫುಟ್‌ಬಾಲ್ ಸಂಸ್ಥೆ ನಡೆಸುವ ಸಿಎಎಫ್‌ಎ ನೇಷನ್ಸ್ ಕಪ್‌ನಲ್ಲಿ ಮೂರನೇ ಸ್ಥಾನ ತಂದರು. ಅದನ್ನೂ ಅಷ್ಟೇ ಜಾಗ ಕೊಟ್ಟು ಹಾಕಬೇಕಿತ್ತು, ಅಲ್ವಾ?

ಅವರು ಸುಮ್ನೆ ಮೇಲೆ ಬಂದವರಲ್ಲ. ಮಹೀಂದ್ರ, ಏರ್ ಇಂಡಿಯಾ ತಂಡಗಳಿಗೆ ಮಿಡ್‌ಫೀಲ್ಡ್‌ನಲ್ಲಿ ಆಡಿದರು, ದೇಶಕ್ಕೂ ಆಡಿದರು. ಗಾಯ ಬಿಡದೆ ಕಾಡಿತು, ಆಟ ನಿಂತಿತು. 2009ರಲ್ಲಿ ಮುಂಬೈ ಎಫ್‌ಸಿ ಕೋಚ್ ಆದರು. ಜಾಸ್ತಿ ದುಡ್ಡಿಲ್ಲದ ತಂಡ. ದೊಡ್ಡ ಕಪ್ ಒಂದೂ ಬರಲಿಲ್ಲ, ಆದರೆ ವರ್ಷ ವರ್ಷವೂ ತಂಡ ಕೆಳಗಿನ ದರ್ಜೆಗೆ ಬೀಳದಂತೆ ಹಿಡಿದುಕೊಂಡರು. ನನ್ನ ಪ್ರಕಾರ ಅವರು ಕೆಲಸ ಕಲಿತದ್ದು ಅಲ್ಲೇ.

ಆಮೇಲೆ ಮಿಜೋರಾಂನ ಐಜಾಲ್. ಹಿಂದಿನ ವರ್ಷ, ಆಗ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ-ಲೀಗ್‌ನಿಂದಲೇ ಹೊರಬಿದ್ದು, ಹೇಗೋ ಮತ್ತೆ ಅವಕಾಶ ಪಡೆದಿದ್ದ ತಂಡ ಅದು. ಮುಂಬೈಯಲ್ಲಿ ತಮ್ಮ ಕೈಕೆಳಗೆ ಆಡಿದ್ದ ಜಯೇಶ್ ರಾಣೆ, ಆಶುತೋಷ್ ಮೆಹ್ತಾ ಇಬ್ಬರೂ ಅಲ್ಲಿ ಅವರ ಜೊತೆಗಿದ್ದರು, ಉಳಿದವರಲ್ಲಿ ಹೆಚ್ಚಿನವರು ಅಲ್ಲಿನ ಹುಡುಗರೇ. ಅಂಥ ತಂಡ ಕೋಲ್ಕತ್ತದ ದೊಡ್ಡ ಕ್ಲಬ್ ಮೋಹನ್ ಬಾಗನ್ ಅನ್ನು ಐಜಾಲ್‌ನಲ್ಲಿ 1-0ರಿಂದ ಸೋಲಿಸಿ, 2017ರ ಏಪ್ರಿಲ್ 30ರಂದು ಶಿಲ್ಲಾಂಗ್‌ನಲ್ಲಿ ಅಲ್ಲಿನ ತಂಡದ ಎದುರು ಮೊದಲು ಗೋಲು ಬಿಟ್ಟುಕೊಟ್ಟರೂ ಎದೆಗುಂದದೆ 1-1 ಮಾಡಿಕೊಂಡು, ಒಂದೇ ಒಂದು ಅಂಕದಿಂದ ಚಾಂಪಿಯನ್ ಆಯಿತು. ಐಜಾಲ್ 37, ಬಾಗನ್ 36. ಈಶಾನ್ಯದ ಕ್ಲಬ್ ಒಂದು ದೇಶದ ಲೀಗ್ ಗೆದ್ದದ್ದು ಅದೇ ಮೊದಲು. ಇಷ್ಟಾದರೂ ಐಎಸ್‌ಎಲ್‌ನಲ್ಲಿ, ಅಂದರೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಭಾರತೀಯನೊಬ್ಬ ಪೂರ್ಣಾವಧಿ ಮುಖ್ಯ ಕೋಚ್ ಆಗಲು 2021ರ ತನಕ ಕಾಯಬೇಕಾಯಿತು. ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್ ಕ್ಲಬ್ ಆ ಕೆಲಸ ಕೊಟ್ಟದ್ದು ಇವರಿಗೇ.

ಇದನ್ನೆಲ್ಲ ಬರೆಯಲು ಕಾರಣ ಇದೆ. ನನ್ನ ಮಗ ಮಹಾರಾಜ ಕಾಲೇಜು ಮೈದಾನಕ್ಕೆ ಬೆಳಿಗ್ಗೆ ಫುಟ್‌ಬಾಲ್ ಕಲಿಯಲು ಹೋಗುತ್ತಾನೆ. ಕಲಿಸುವವರು ಹಳೇ ಆಟಗಾರರು, ಬಲ ಮಂಡಿಗೆ ಯಾವಾಗಲೂ ಪಟ್ಟಿ. ಹುಡುಗರ ಚಪ್ಪಲಿಗಳನ್ನೇ ಸಾಲಾಗಿ ಇಟ್ಟು, ಅವುಗಳ ನಡುವೆ ಚೆಂಡು ಹೊಡೆಸುತ್ತಾರೆ. ಹೋದ ವಾರ ಪೂರ್ತಿ ಎಡಗಾಲು ಮಾತ್ರ. ಬಲಗಾಲು ತಾಗಿಸಿದರೆ ಮತ್ತೆ ಮೊದಲಿಂದ. ಎರಡನೇ ದಿನ ನನ್ನ ಮಗ ಅತ್ತುಬಿಟ್ಟ. ಶನಿವಾರ ಎಡಗಾಲಲ್ಲಿ ನೇರ ಪಾಸ್ ಕೊಟ್ಟು ನನ್ನ ಕಡೆ ತಿರುಗಿ ನೋಡಿದ.

ಈ ಕೋಚ್‌ಗೆ ಒಂದು ಶಾಲೆಯಲ್ಲಿ ಕೆಲಸ ಇತ್ತು. ಪಿ.ಟಿ. ಮೇಷ್ಟ್ರು ಇದ್ದಾರಲ್ಲ, ಫುಟ್‌ಬಾಲ್‌ಗೆ ಬೇರೆ ಕೋಚ್ ಯಾಕೆ ಎಂದು ಶಾಲೆಯವರು ಕೆಲಸ ಬಿಡಿಸಿದರು. ಆಟ ಮುಗಿದವರಿಗೆ ಕಲಿಸುವುದೂ ಒಂದು ದೊಡ್ಡ ಕೆಲಸ ಎಂದು ನಮ್ಮ ಊರಿನ ಅಪ್ಪ ಅಮ್ಮಂದಿರಿಗೆ, ಶಾಲೆ ನಡೆಸುವವರಿಗೆ ಗೊತ್ತಾಗುವುದು ಜಮೀಲ್ ಅಂಥವರ ದಾರಿಯನ್ನು ನೀವು ಬರೆದಾಗ. ದಯವಿಟ್ಟು ಒಂದು ಅರ್ಧ ಪುಟ ಕೊಡಿ. ನಿಮ್ಮ ವರದಿಗಾರರನ್ನು ಒಮ್ಮೆ ಮೈದಾನಕ್ಕೂ ಕಳಿಸಿ. ಆರೂವರೆಗೆಲ್ಲ ನಮ್ಮ ಕೋಚ್ ಬಂದು ಚಪ್ಪಲಿ ಜೋಡಿಸುತ್ತಿರುತ್ತಾರೆ.

ಇಂತಿ,
ನಿಮ್ಮ ಓದುಗ
ಕುವೆಂಪುನಗರ, ಮೈಸೂರು