ಅನಿಲವೊಂದನ್ನೇ ನೆಚ್ಚಿದ ಸಿಂಗಪುರದ ವಿದ್ಯುತ್

ಮಾನ್ಯರೇ,

ಸಿಂಗಪುರದ ವಿದ್ಯುತ್ ಸ್ಥಾವರಗಳ ಕುರಿತ ವರದಿಯನ್ನು (ತಮ್ಮ ಪತ್ರಿಕೆ) ಓದಿದೆ. ಇಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಶೇ 90ಕ್ಕೂ ಹೆಚ್ಚು ಭಾಗ ನೈಸರ್ಗಿಕ ಅನಿಲವೊಂದನ್ನೇ ನೆಚ್ಚಿಕೊಂಡಿರುವುದು ಈ ಊರಿನ ನಿವಾಸಿಯಾದ ನನಗೆ ಆತಂಕ ತರುತ್ತದೆ.

ಅನಿಲದ ಒಂದು ಪಾಲು ಮಲೇಷ್ಯಾ ಮತ್ತು ಇಂಡೊನೇಷ್ಯಾಗಳಿಂದ ಕೊಳವೆಯ ಮೂಲಕ ಬಂದರೆ, ಉಳಿದದ್ದು ದ್ರವರೂಪದಲ್ಲಿ ಹಡಗುಗಳಲ್ಲಿ ಬಂದು ಜುರಾಂಗ್ ದ್ವೀಪದಲ್ಲಿ ಇಳಿಯುತ್ತದೆ. 2021ರಲ್ಲಿ ಜಾಗತಿಕ ಅನಿಲ ಬೆಲೆ ಗಗನಕ್ಕೇರಿದಾಗ ಹಲವು ಚಿಲ್ಲರೆ ವಿದ್ಯುತ್ ಮಾರಾಟ ಕಂಪನಿಗಳು ಬಾಗಿಲು ಮುಚ್ಚಿದ್ದನ್ನು ಗ್ರಾಹಕರು ಮರೆತಿಲ್ಲ. ಜಲವಿದ್ಯುತ್ತಿಗೆ ತಕ್ಕ ನದಿಯಾಗಲಿ, ಗಾಳಿಯಂತ್ರಕ್ಕೆ ಬೇಕಾದಷ್ಟು ಬಲವಾದ ಗಾಳಿಯಾಗಲಿ ಇಲ್ಲಿಲ್ಲ; ಸ್ವಂತವೆಂದು ಹೇಳಿಕೊಳ್ಳಬಹುದಾದ ದೊಡ್ಡ ಮೂಲ ಬಿಸಿಲೊಂದೇ. ತೆಂಗೆ ಜಲಾಶಯದ ಮೇಲೆ ಸುಮಾರು 45 ಹೆಕ್ಟೇರ್ ಹರಡಿರುವ 60 ಮೆಗಾವಾಟ್‌ನ ತೇಲುವ ಸೌರ ಸ್ಥಾವರ 2021ರಿಂದ ಕೆಲಸ ಮಾಡುತ್ತಿದೆ. ವಸತಿ ಸಮುಚ್ಚಯಗಳ ಚಾವಣಿಗಳಲ್ಲಿ ಫಲಕಗಳು ಹೆಚ್ಚುತ್ತಿದ್ದರೂ, ಪಕ್ಕದ ಬಹುಮಹಡಿ ವಾಹನ ನಿಲುಗಡೆ ಕಟ್ಟಡಗಳ ಮೇಲ್ಮಹಡಿಗಳಲ್ಲಿ ಅನೇಕವು ಬರಿ ಕಾಂಕ್ರೀಟಾಗಿಯೇ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತಿರುತ್ತವೆ. ಅಲ್ಲಿ ಫಲಕ ಹಾಸಿದರೆ ಕಾರುಗಳಿಗೆ ನೆರಳೂ ದೊರೆಯುತ್ತದೆ.

ಮೋಡ ಕವಿದೊಡನೆ ಸೌರ ವಿದ್ಯುತ್ ಥಟ್ಟನೆ ಕುಸಿಯುವುದು ನಿಜವಾದ ತೊಡಕು. ಆದ್ದರಿಂದ ಈ ಮೇಲ್ಮಹಡಿಗಳನ್ನು ಸೌರ ಫಲಕಗಳಿಂದ ಮುಚ್ಚುವುದರ ಜತೆಗೆ, ಜುರಾಂಗ್ ದ್ವೀಪದಲ್ಲಿ ಈಗಾಗಲೇ ಇರುವಂಥ ಬ್ಯಾಟರಿ ಸಂಗ್ರಹಾಗಾರಗಳನ್ನು ಸಣ್ಣ ಪ್ರಮಾಣದಲ್ಲಿ ಬಡಾವಣೆಗಳಲ್ಲೂ ಸ್ಥಾಪಿಸಲು ಇಲ್ಲಿನ ಸರ್ಕಾರ ಕಾಲಮಿತಿ ನಿಗದಿಪಡಿಸಬೇಕು.

– ಒಬ್ಬ ಓದುಗ, ಸಿಂಗಪುರ